ತೂಕದ ಮುಳ್ಳು ನಿಂತಾಗ ಮನಸ್ಸು ಎಡವದಿರಲಿ

ಸಾಗರ: ಮಲೆನಾಡಿನ ಹಿರಿಯರ ಮಾತಿನಲ್ಲಿ ‘ಬಡವಾಗು’ ಎಂಬುದಕ್ಕೆ ಎರಡು ಅರ್ಥ. ಕೈಯಲ್ಲಿದ್ದ ಹಣ ಕರಗುವುದು ಒಂದಾದರೆ, ಮೈ ಸೊರಗುವುದು ಇನ್ನೊಂದು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿಳಿದ ಮೊಮ್ಮಗಳನ್ನು ಕಂಡು ‘ಎಂತ ಕೂಸೇ, ಹಿಂಗೆ ಬಡವಾಗಿದೀಯಲ್ಲೇ’ ಎಂದು ಅಜ್ಜಿ ಮರುಗುತ್ತಿರುವಾಗಲೇ, ಪಕ್ಕದಲ್ಲಿ ನಿಂತ ಚಿಕ್ಕಮ್ಮನ ಮಗಳು ‘ಎಷ್ಟು ಸಣ್ಣ ಆಗಿದೀಯೇ! ಯಾವ ಡಯಟ್ ಮಾಡಿದೆ?’ ಎಂದು ಕೇಳುವ ಕಾಲವಿದು. ದೇಹ ಒಂದೇ; ಒಬ್ಬರಿಗೆ ಕಳವಳ, ಇನ್ನೊಬ್ಬರಿಗೆ ಮೆಚ್ಚುಗೆ.

ಮೆಚ್ಚುಗೆ ಸಿಕ್ಕಿದವರು ಮತ್ತಷ್ಟು ಇಳಿಸಲು ಹೊರಡುತ್ತಾರೆ. ಆದರೆ ಕೆಲವು ತಿಂಗಳ ಬಳಿಕ ಒಂದು ದಿನ ತೂಕದ ಯಂತ್ರದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಊಟ ಅಷ್ಟೇ, ನಡಿಗೆ ಅಷ್ಟೇ. ತೂಕ ಮಾತ್ರ ಕದಲುವುದಿಲ್ಲ. ಆಹಾರ ತಜ್ಞರು ಇದನ್ನು ‘ಪ್ಲಾಟೊ’ ಎನ್ನುತ್ತಾರೆ. ಇಳಿಜಾರು ಮುಗಿದು ಸಮತಟ್ಟು ನೆಲ ಸಿಕ್ಕಂತಹ ಸ್ಥಿತಿ. ತೂಕ ಇಳಿಸಲು ಹೊರಟ ಬಹುಪಾಲು ಜನರು ಒಂದಲ್ಲ ಒಂದು ದಿನ ಇಲ್ಲಿಗೆ ಬಂದೇ ಬರುತ್ತಾರೆ. ಇದು ರೋಗವಲ್ಲ, ಅಪರಾಧವೂ ಅಲ್ಲ. ಆದರೆ ಇದನ್ನು ತನ್ನ ಸೋಲೆಂದು ತಿಳಿದು ಊಟವನ್ನು ಇನ್ನಷ್ಟು ಬಿಗಿಗೊಳಿಸುವವರಲ್ಲಿ ಕೆಲವರಿಗೆ ನಿಜವಾದ ಕಾಯಿಲೆ ಆರಂಭವಾಗುವುದು ಈ ಹಂತದಿಂದಲೇ.

ಹೊಳೆಬಾಗಿಲಿನ ಆಚೆ–ಈಚೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ಹೇಳುವಂತೆ ರಾಜ್ಯದ ಮಹಿಳೆಯರಲ್ಲಿ ಹಾಗೂ ಪುರುಷರಲ್ಲಿ ಶೇ. 30ಕ್ಕೂ ಸ್ವಲ್ಪ ಹೆಚ್ಚು ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ರಾಷ್ಟ್ರೀಯ ಸರಾಸರಿ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಸುಮಾರು ಶೇ. 23. ಅದೇ ಸಮೀಕ್ಷೆಯಲ್ಲಿ ರಾಜ್ಯದ ಪ್ರತಿ ಆರು ಮಹಿಳೆಯರಲ್ಲಿ ಒಬ್ಬರ ತೂಕ ಇರಬೇಕಾದುದಕ್ಕಿಂತ ಕಡಿಮೆ ಎಂಬುದೂ ಕಂಡುಬಂದಿದೆ. ಬೊಜ್ಜು ಮತ್ತು ಕೃಶತೆ ಒಂದೇ ರಾಜ್ಯದಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಕಾಣಸಿಗುತ್ತವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬದುಕಿನ ಬದಲಾವಣೆಯೂ ಇದಕ್ಕೆ ಪೂರಕ. ಸೊಪ್ಪಿನ ಬೆಟ್ಟದಿಂದ ತಲೆಹೊರೆಯಲ್ಲಿ ಸೊಪ್ಪು ತರುವುದು, ಗದ್ದೆಯ ನಾಟಿ, ಬಸ್ಸು ಇಳಿದು ಮೈಲುಗಟ್ಟಲೆ ನಡೆದು ಮನೆ ಸೇರುವುದು ಒಂದು ಕಾಲದಲ್ಲಿ ನಿತ್ಯದ ದುಡಿಮೆಯಾಗಿತ್ತು. ಇಂದು ಅಂಗಳದ ತನಕ ವಾಹನ ಬರುತ್ತದೆ. ದಶಕಗಳ ಕಾಲ ಲಾಂಚ್‌ಗಾಗಿ ಕಾಯುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈ 14ರಂದು ಸುಮಾರು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಗೊಂಡಿತು. ಅನುಕೂಲ ಬಂದಿದೆ, ಬರಲೇಬೇಕಿತ್ತು. ಆದರೆ ದುಡಿಯುವ ದೇಹಕ್ಕೆ ಬಡಿಸುತ್ತಿದ್ದ ಅನ್ನದ ಅಳತೆ ಕುಳಿತ ದೇಹಕ್ಕೂ ಮುಂದುವರಿದಾಗ ತೂಕ ಏರುವುದು ಸಹಜ.

ಎಷ್ಟು ತೂಕ ಹೆಚ್ಚು ಎಂಬುದಕ್ಕೆ ವೈದ್ಯರು ಬಳಸುವ ಪ್ರಾಥಮಿಕ ಅಳತೆ ಬಿಎಂಐ. ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆ ಇದು. 160 ಸೆಂ.ಮೀ. ಎತ್ತರದವರು 64 ಕಿಲೊ ತೂಗಿದರೆ ಬಿಎಂಐ 25. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಕಾಣಿಸಿಕೊಳ್ಳುವುದರಿಂದ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಇಲ್ಲಿನ ತಜ್ಞರು ಗೆರೆ ಎಳೆದಿದ್ದಾರೆ. ಆದರೆ ಈ ಸೂತ್ರದ ಮೂಲ ಕರ್ತೃ ವೈದ್ಯನೇ ಅಲ್ಲ. 19ನೇ ಶತಮಾನದ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಜನಸಮೂಹದ ಸರಾಸರಿ ಕಂಡುಕೊಳ್ಳುವುದು ಆತನ ಉದ್ದೇಶವಾಗಿತ್ತು. ಒಬ್ಬ ವ್ಯಕ್ತಿಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಎಲ್ಲಿ ಸೇರಿದೆ ಎಂಬುದನ್ನು ಈ ಸಂಖ್ಯೆ ಹೇಳಲಾರದು. ಹೀಗಾಗಿ ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆಯನ್ನೂ ಸೇರಿಸಿ ನೋಡುವುದು ಇಂದಿನ ಕ್ರಮ.

ಮೊದಲ ವಾರಗಳ ಭ್ರಮೆ

ಅನ್ನ, ಸಕ್ಕರೆ ಕಡಿಮೆ ಮಾಡಿದ ಮೊದಲ ಒಂದೆರಡು ವಾರಗಳಲ್ಲಿ ತೂಕ ಸರಸರನೆ ಇಳಿಯುತ್ತದೆ. ಇದರಲ್ಲಿ ದೊಡ್ಡ ಪಾಲು ನೀರು. ಯಕೃತ್ತು ಹಾಗೂ ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟ ಸುಮಾರು ಅರ್ಧ ಕಿಲೊದಷ್ಟು ಸಂಗ್ರಹವಿರುತ್ತದೆ. ಅದರ ಪ್ರತಿ ಗ್ರಾಂ ಜತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ದೇಹ ಮೊದಲು ಈ ಸಂಗ್ರಹಕ್ಕೆ ಕೈ ಹಾಕುತ್ತದೆ. ಪಿಷ್ಟ ಖರ್ಚಾದಂತೆ ನೀರೂ ಹೊರಹೋಗುತ್ತದೆ. ಯಂತ್ರದ ಮೇಲೆ ಒಂದೂವರೆ–ಎರಡು ಕಿಲೊ ಕಡಿಮೆ ಕಂಡು ಸಂತಸಪಡುವವರು ಕಳೆದುಕೊಂಡಿರುವುದು ಕೊಬ್ಬನ್ನಲ್ಲ.

ಈ ಮೊದಲ ವೇಗವೇ ಮುಂದಿನ ನಿರಾಸೆಗೆ ಬೀಜ. ‘ಹತ್ತು ದಿನಕ್ಕೆ ಐದು ಕಿಲೊ’ ಎಂಬ ಜಾಹೀರಾತುಗಳ ಗುಟ್ಟೂ ಇದೇ. ಒಂದು ಕಿಲೊ ದೇಹದ ತೂಕ ಎಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ತಿಂಗಳಿಗೆ ಎರಡು ಕಿಲೊ, ವರ್ಷಕ್ಕೆ 24 ಕಿಲೊ ಎಂಬ ಸರಳ ಲೆಕ್ಕವನ್ನು ಅನೇಕರು ನಂಬಿದ್ದಾರೆ. ಕಾಗದದ ಮೇಲೆ ಸರಿಯಾಗಿರುವ ಈ ಲೆಕ್ಕ ದೇಹದಲ್ಲಿ ನಡೆಯುವುದಿಲ್ಲ. ಏಕೆಂದರೆ ದೇಹ ಅಂಗಡಿಯ ತಕ್ಕಡಿಯಂತೆ ಸುಮ್ಮನೆ ಕೂರುವುದಿಲ್ಲ. ಆದಾಯ ಇಳಿದ ಮನೆಯಂತೆ ಖರ್ಚನ್ನೂ ಇಳಿಸುತ್ತದೆ.

ದೇಹ ಹೂಡುವ ತಡೆ

ನಾವು ತಿಂದ ಆಹಾರದ ಶಕ್ತಿಯಲ್ಲಿ ಶೇ. 60ರಿಂದ 70ರಷ್ಟು ಹೃದಯ, ಮೆದುಳು, ಯಕೃತ್ತು, ಶ್ವಾಸಕೋಶಗಳನ್ನು ನಡೆಸುವುದಕ್ಕೇ ವೆಚ್ಚವಾಗುತ್ತದೆ. ದೇಹ ಚಿಕ್ಕದಾದಂತೆ ಈ ವೆಚ್ಚ ಕಡಿಮೆಯಾಗುತ್ತದೆ. 80 ಕಿಲೊ ಹೊತ್ತು ಗುಡ್ಡ ಹತ್ತುವುದಕ್ಕೂ 72 ಕಿಲೊ ಹೊತ್ತು ಹತ್ತುವುದಕ್ಕೂ ಬೇಕಾಗುವ ಶಕ್ತಿ ಒಂದೇ ಅಲ್ಲವಷ್ಟೆ? ಇದರ ಜತೆಗೆ ಇಳಿದ ತೂಕದಲ್ಲಿ ಒಂದಷ್ಟು ಸ್ನಾಯುವೂ ಸೇರಿರುತ್ತದೆ. ಸ್ನಾಯು ಕಡಿಮೆಯಾದರೆ ವಿಶ್ರಾಂತಿಯ ವೆಚ್ಚ ಇನ್ನೂ ತಗ್ಗುತ್ತದೆ. ಅರಿವಿಲ್ಲದೆಯೇ ಓಡಾಟವೂ ಕುಗ್ಗುತ್ತದೆ. ಎದ್ದು ಹೋಗಿ ತರುವ ವಸ್ತುವನ್ನು ‘ಸ್ವಲ್ಪ ತಂದುಕೊಡು’ ಎಂದು ಕೇಳುವುದು ಹೆಚ್ಚುತ್ತದೆ.

ಇನ್ನೊಂದು ಕಡೆಯಿಂದ ಹಸಿವು ಏರುತ್ತದೆ. ಕೊಬ್ಬಿನ ಕೋಶಗಳು ‘ಲೆಪ್ಟಿನ್’ ಎಂಬ ಹಾರ್ಮೋನನ್ನು ಸ್ರವಿಸಿ ಸಂಗ್ರಹ ಎಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತಿರುತ್ತವೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಪತ್ತೆಹಚ್ಚಿತು. ಕೊಬ್ಬು ಕರಗಿದಂತೆ ಲೆಪ್ಟಿನ್ ಕುಸಿಯುತ್ತದೆ. ಮೆದುಳು ಅದನ್ನು ಬರಗಾಲದ ಸುದ್ದಿ ಎಂದು ಓದಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಉತ್ಪತ್ತಿಯಾಗುವ, ಹಸಿವು ಹುಟ್ಟಿಸುವ ‘ಗ್ರೆಲಿನ್’ ಹೆಚ್ಚುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಕಠಿಣ ಪಥ್ಯ ಮಾಡಿದವರ ಹಾರ್ಮೋನುಗಳು ಒಂದು ವರ್ಷ ಕಳೆದರೂ ಹಿಂದಿನ ಸ್ಥಿತಿಗೆ ಮರಳಿರಲಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಹಾಗೂ ಸಹೋದ್ಯೋಗಿಗಳು 2016ರಲ್ಲಿ ಇದಕ್ಕೊಂದು ಅಂದಾಜು ನೀಡಿದರು. ತೂಕ ಒಂದು ಕಿಲೊ ಇಳಿದರೆ ದೇಹದ ದಿನದ ವೆಚ್ಚ 20ರಿಂದ 30 ಕ್ಯಾಲೊರಿ ಇಳಿಯುತ್ತದೆ. ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಆರು ಕಿಲೊ ಇಳಿಸಿದವರ ಹಸಿವು 600 ಕ್ಯಾಲೊರಿಯಷ್ಟು, ಅಂದರೆ ಸರಿಸುಮಾರು ಒಂದು ಹೊತ್ತಿನ ಊಟದಷ್ಟು ಹೆಚ್ಚಿರುತ್ತದೆ ಎಂದಾಯಿತು. ಮೊದಲ ದಿನ ಪಟ್ಟ ಶ್ರಮಕ್ಕಿಂತ ಹೆಚ್ಚಿನ ಶ್ರಮವನ್ನು ಆರನೇ ತಿಂಗಳಲ್ಲಿ ಪಡುತ್ತಿದ್ದರೂ ಫಲಿತಾಂಶ ಶೂನ್ಯವಾಗಿ ಕಾಣುವುದಕ್ಕೆ ಇದೇ ಕಾರಣ. ಬಹುತೇಕ ಅಧ್ಯಯನಗಳಲ್ಲಿ ತೂಕ ಸುಮಾರು ಆರು ತಿಂಗಳ ಹೊತ್ತಿಗೆ ನಿಲ್ಲುತ್ತದೆ.

ಅದೇ ವರ್ಷ ಹಾಲ್ ತಂಡ ಅಮೆರಿಕದ ಜನಪ್ರಿಯ ಟಿ.ವಿ. ಸ್ಪರ್ಧೆಯೊಂದರಲ್ಲಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿತು. 30 ವಾರಗಳಲ್ಲಿ ಸರಾಸರಿ 58 ಕಿಲೊ ಇಳಿಸಿದ್ದವರು ಅದರಲ್ಲಿ ಸುಮಾರು 41 ಕಿಲೊ ಮರಳಿ ಪಡೆದಿದ್ದರು. ಅವರ ವಿಶ್ರಾಂತಿಯ ಶಕ್ತಿವೆಚ್ಚವಂತೂ ಆ ಗಾತ್ರದ ದೇಹಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ‘ಮನಸ್ಸು ಗಟ್ಟಿ ಇಲ್ಲ, ಬಾಯಿಚಪಲ’ ಎಂದು ಇಂಥವರನ್ನು ಮೂದಲಿಸುವ ಮುನ್ನ ಈ ಅಂಕಿಗಳನ್ನು ನೆನೆಯುವುದು ಒಳಿತು.

36 ಯುವಕರ ಹಸಿವು

ಹಸಿವು ದೇಹವನ್ನಷ್ಟೇ ಅಲ್ಲ, ಮನಸ್ಸನ್ನೂ ಹೇಗೆ ಹಿಡಿಯುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಕಾಲದ ಪ್ರಯೋಗವೊಂದು ಇಂದಿಗೂ ಸಾಕ್ಷಿ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲು ನಿರಾಕರಿಸಿದ್ದ 36 ಆರೋಗ್ಯವಂತ ಯುವಕರನ್ನು ಸ್ವಯಂಸೇವಕರಾಗಿ ಆರಿಸಿಕೊಂಡರು. ಯುದ್ಧಾನಂತರ ಯುರೋಪಿನ ಹಸಿದ ಜನರಿಗೆ ಹೇಗೆ ಉಣಿಸಬೇಕೆಂದು ತಿಳಿಯುವುದು ಉದ್ದೇಶ. ಆರು ತಿಂಗಳು ಅವರಿಗೆ ದಿನಕ್ಕೆ ಸರಾಸರಿ 1,570 ಕ್ಯಾಲೊರಿ ಆಹಾರ; ವಾರಕ್ಕೆ ಸುಮಾರು 35 ಕಿ.ಮೀ. ನಡಿಗೆ. ಅವರು ದೇಹತೂಕದ ಕಾಲು ಭಾಗ ಕಳೆದುಕೊಂಡರು.

ಗಮನಾರ್ಹವಾದುದು ಅವರ ವರ್ತನೆ. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದವರು ಪಾಕಶಾಸ್ತ್ರದ ಪುಸ್ತಕ ಸಂಗ್ರಹಿಸತೊಡಗಿದರು. ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ತಿಂದರು. ಸಿಡುಕು, ಖಿನ್ನತೆ, ಏಕಾಂತಪ್ರಿಯತೆ ಹೆಚ್ಚಿದವು. ಕೆಲವರು ಕದ್ದು ತಿಂದು, ಬಳಿಕ ತೀವ್ರ ಪಶ್ಚಾತ್ತಾಪಪಟ್ಟರು. ಪ್ರಯೋಗ ಮುಗಿದ ಮೇಲೆ ಕೆಲವರು ಹೊಟ್ಟೆ ತುಂಬಿದರೂ ತಿನ್ನುವುದನ್ನು ನಿಲ್ಲಿಸಲಾಗದ ಸ್ಥಿತಿ ತಲುಪಿದ್ದರು. ಇವರಾರಿಗೂ ಮೊದಲು ಮಾನಸಿಕ ತೊಂದರೆ ಇರಲಿಲ್ಲ. ಸೌಂದರ್ಯದ ಚಿಂತೆಯೂ ಇರಲಿಲ್ಲ. ಆಹಾರದ ಗೀಳು ಹುಟ್ಟಿದ್ದು ಹಸಿವಿನಿಂದಲೇ.

ಇಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವ ಡಯಟ್ ಪಟ್ಟಿಗಳಲ್ಲಿ 800 ಕ್ಯಾಲೊರಿಯದ್ದೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ತೂಕ ಇಳಿಸುವವರ ಆಹಾರವೂ ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆ ಇರಕೂಡದು. ವಾರಕ್ಕೆ ಅರ್ಧ ಕಿಲೊ ಇಳಿಕೆ ಸುರಕ್ಷಿತ. ಹೆಚ್ಚು ಶ್ರಮವಿಲ್ಲದ ಮಹಿಳೆಗೆ ಸಹಜ ಅಗತ್ಯವೇ ದಿನಕ್ಕೆ ಸುಮಾರು 1,660 ಕ್ಯಾಲೊರಿ ಎಂಬುದನ್ನು ಇದರ ಜತೆ ಇಟ್ಟು ನೋಡಬೇಕು.

ಪಥ್ಯ ಗೀಳಾಗುವ ತಿರುವು

ಮುಳ್ಳು ನಿಂತಾಗ ಮನಸ್ಸಿನಲ್ಲಿ ಏಳುವ ಮೊದಲ ಮಾತು ‘ನಾನೇ ಎಲ್ಲೋ ತಪ್ಪಿದ್ದೇನೆ’ ಎಂಬುದು. ಬೆಳಗಿನ ತಿಂಡಿ ಹೋಗುತ್ತದೆ. ಆಮೇಲೆ ರಾತ್ರಿಯೂಟ. ದಿನಕ್ಕೊಮ್ಮೆ ತೂಗುತ್ತಿದ್ದವರು ಮೂರು ಬಾರಿ ತೂಗುತ್ತಾರೆ. ನೀರು, ಉಪ್ಪು, ಋತುಚಕ್ರ, ಮಲಬದ್ಧತೆಗಳಿಂದಲೇ ಒಂದೆರಡು ಕಿಲೊ ಹೆಚ್ಚು ಕಡಿಮೆಯಾಗುತ್ತದೆ ಎಂಬುದು ತಿಳಿಯದೆ, ಯಂತ್ರ ತೋರಿಸಿದ ಸಂಖ್ಯೆಯೇ ಆ ದಿನದ ಸುಖ–ದುಃಖವನ್ನು ನಿರ್ಧರಿಸತೊಡಗುತ್ತದೆ. ಹಸಿವು ತಾಳದೆ ಒಂದು ಸಂಜೆ ಕೈಗೆ ಸಿಕ್ಕಿದ್ದನ್ನೆಲ್ಲ ತಿಂದರೆ, ಮರುದಿನ ಅದಕ್ಕೆ ಶಿಕ್ಷೆಯಾಗಿ ಪೂರ್ಣ ಉಪವಾಸ. ಉಪವಾಸದಿಂದ ಇನ್ನೂ ದೊಡ್ಡ ಹಸಿವು. ಈ ಚಕ್ರ ಒಮ್ಮೆ ತಿರುಗತೊಡಗಿದರೆ ತಾನಾಗಿ ನಿಲ್ಲುವುದು ಕಷ್ಟ.

ಮನೋವೈದ್ಯಶಾಸ್ತ್ರ ಇವುಗಳಿಗೆ ಹೆಸರು ಕೊಟ್ಟಿದೆ. ತೂಕ ಅಪಾಯಕಾರಿಯಾಗಿ ಇಳಿದರೂ ತಾನು ದಪ್ಪಗಿದ್ದೇನೆ ಎಂಬ ಭಯದಿಂದ ಊಟ ಬಿಡುವುದು ‘ಅನೊರೆಕ್ಸಿಯಾ ನರ್ವೋಸಾ’. ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಮಿತಿಮೀರಿ ತಿಂದು ಬಳಿಕ ವಾಂತಿ ಮಾಡಿಕೊಳ್ಳುವ ಅಥವಾ ಭೇದಿ ಮಾತ್ರೆ ನುಂಗುವ ‘ಬುಲಿಮಿಯಾ’ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಗುರುತಿಸಿದರು. ವಾಂತಿ ಇಲ್ಲದ, ಆದರೆ ನಿಯಂತ್ರಣ ತಪ್ಪಿ ತಿನ್ನುವ ‘ಬಿಂಜ್ ಈಟಿಂಗ್’ ಕಾಯಿಲೆಯೂ ಉಂಟು. ದಪ್ಪಗಿರುವವರಿಗೆ ಇಂಥ ಕಾಯಿಲೆ ಬಾರದು ಎಂಬುದು ತಪ್ಪು ತಿಳಿವಳಿಕೆ. ಹೊರನೋಟಕ್ಕೆ ಸಾಮಾನ್ಯ ಅಥವಾ ಹೆಚ್ಚು ತೂಕದವರಲ್ಲೂ ಇದು ಇರಬಲ್ಲುದು. ಗಂಡು ಮಕ್ಕಳೂ ಇದರಿಂದ ಹೊರತಲ್ಲ. ಸ್ನಾಯು ಸಾಲದು ಎಂಬ ಕೊರಗಿನಲ್ಲಿ ಪ್ರೊಟೀನ್ ಪುಡಿ, ವ್ಯಾಯಾಮ ಶಾಲೆಗಳಿಗೇ ಬದುಕನ್ನು ಒಪ್ಪಿಸುವ ಯುವಕರ ಸಂಕಟವೂ ಇದೇ ಬಗೆಯದು. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವಿನ ಪ್ರಮಾಣ ಇರುವವುಗಳಲ್ಲಿ ಅನೊರೆಕ್ಸಿಯಾ ಕೂಡ ಒಂದು ಎಂಬುದನ್ನು ಮರೆಯುವಂತಿಲ್ಲ.

ಪಾರಣೆ ಇಲ್ಲದ ಉಪವಾಸ

‘ನಮ್ಮಲ್ಲಿ ಉಪವಾಸ ಹೊಸದೇನೂ ಅಲ್ಲವಲ್ಲ?’ ಎಂಬ ಪ್ರಶ್ನೆ ಸಹಜ. ಮಲೆನಾಡಿನ ಮನೆಗಳಲ್ಲಿ ಏಕಾದಶಿ ಇದೆ. ಹೊಸನಗರ ತಾಲ್ಲೂಕಿನ ಹೊಂಬುಜದಂತಹ ಜೈನ ಕ್ಷೇತ್ರವಿರುವ ಸೀಮೆಯಲ್ಲಿ ದಶಲಕ್ಷಣ ಪರ್ವದ ವ್ರತಗಳಿವೆ. ಮುಸ್ಲಿಮರಲ್ಲಿ ರಂಜಾನ್ ಇದೆ. ಆದರೆ ಈ ಎಲ್ಲ ಉಪವಾಸಗಳಿಗೂ ಆರಂಭದಂತೆ ಅಂತ್ಯವೂ ಉಂಟು. ಏಕಾದಶಿಗೆ ದ್ವಾದಶಿಯ ಪಾರಣೆ ಇದೆ, ರೋಜಾಕ್ಕೆ ಇಫ್ತಾರ್ ಇದೆ. ಮನೆಯವರೆಲ್ಲ ಕೂಡಿ ಮಾಡುತ್ತಾರೆ, ಕೂಡಿ ಮುರಿಯುತ್ತಾರೆ. ಮಕ್ಕಳು, ಗರ್ಭಿಣಿಯರು, ರೋಗಿಗಳಿಗೆ ವಿನಾಯಿತಿ ಇದೆ.

ತೂಕದ ಗೀಳಿನ ಉಪವಾಸಕ್ಕೆ ಪಾರಣೆಯ ದಿನವೇ ಇಲ್ಲ. ಅದು ಒಂಟಿಯಾಗಿ, ಗುಟ್ಟಾಗಿ ನಡೆಯುತ್ತದೆ. ‘ಇವತ್ತು ಶನಿವಾರ, ಒಪ್ಪತ್ತು’ ಎಂಬ ಮಾತು ವ್ರತವೂ ಆಗಿರಬಹುದು, ಕಾಯಿಲೆಯ ಮರೆಯೂ ಆಗಿರಬಹುದು. ವಾರದಲ್ಲಿ ಐದು ದಿನವೂ ಒಂದೊಂದು ವ್ರತ ಹುಟ್ಟಿಕೊಂಡರೆ ಮನೆಯವರು ಕಣ್ಣು ತೆರೆಯಬೇಕು. ‘ಶುದ್ಧ ಆಹಾರ’ದ ಹೆಸರಿನಲ್ಲಿ ಮೊದಲು ಸಕ್ಕರೆ, ಆಮೇಲೆ ಎಣ್ಣೆ, ಹಾಲು, ಅನ್ನ ಹೀಗೆ ಒಂದೊಂದನ್ನೇ ಬಿಡುತ್ತಾ ಹೋಗುವ ಗೀಳಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ‘ಆರ್ಥೊರೆಕ್ಸಿಯಾ’ ಎಂದು ಹೆಸರಿಟ್ಟರು. ಅಧಿಕೃತ ರೋಗಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲವಾದರೂ ಲಕ್ಷಣ ಪರಿಚಿತವೇ.

ಫಿಜಿ ದ್ವೀಪದ ಪಾಠ

ಒಂದು ಸಮಾಜದ ಕಣ್ಣು ಎಷ್ಟು ಬೇಗ ಬದಲಾಗಬಲ್ಲುದು? ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ಮಲೆನಾಡಿನಂತೆಯೇ ತುಂಬಿದ ಮೈ ಆರೋಗ್ಯದ ಗುರುತಾಗಿತ್ತು. ಸೊರಗುವುದು ಚಿಂತೆಯ ವಿಷಯವಾಗಿತ್ತು. ಅಲ್ಲಿನ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂದಿತು. ಹಾರ್ವರ್ಡ್‌ನ ಮನೋವೈದ್ಯೆ ಆನ್ ಬೆಕರ್ ಆಗ ಶಾಲಾ ಬಾಲಕಿಯರನ್ನು ಪ್ರಶ್ನಿಸಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಹಾಗೆ ಹೇಳಿದವರು ಶೇ. 11ಕ್ಕೂ ಹೆಚ್ಚು. ಮೂರೇ ವರ್ಷಗಳ ಅಂತರ!

ಟಿ.ವಿ.ಗಿಂತ ಹತ್ತಿರದ ಕನ್ನಡಿ ಈಗ ಪ್ರತಿಯೊಬ್ಬರ ಅಂಗೈಯಲ್ಲಿದೆ. 2021ರಲ್ಲಿ ಬಹಿರಂಗಗೊಂಡ ಫೇಸ್‌ಬುಕ್ ಕಂಪನಿಯ ಆಂತರಿಕ ದಾಖಲೆಗಳೇ, ತಮ್ಮ ದೇಹದ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿಗೆ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತ್ತು ಎಂದು ಹೇಳಿದ್ದವು.

ಈ ಒತ್ತಡ ಎಲ್ಲಿಗೆ ಒಯ್ಯಬಲ್ಲುದು ಎಂಬುದಕ್ಕೆ ರಾಜ್ಯವೇ ಸಾಕ್ಷಿಯಾಗಿದೆ. 2022ರ ಮೇ 16ರಂದು ಕನ್ನಡ ಕಿರುತೆರೆಯ ನಟಿ, 21ರ ಹರೆಯದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಮೃತಪಟ್ಟರು. ಈ ಚಿಕಿತ್ಸೆಗೆ ಹೋಗುವ ವಿಷಯ ತಮಗೆ ತಿಳಿದಿರಲಿಲ್ಲ ಎಂದು ಪೋಷಕರು ಹೇಳಿದ್ದರು. ಕೊಬ್ಬು ಹೀರಿ ತೆಗೆಯುವುದು ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯೇ ಹೊರತು ಬೊಜ್ಜಿನ ಚಿಕಿತ್ಸೆಯಲ್ಲ. ಎಲ್ಲ ಶಸ್ತ್ರಚಿಕಿತ್ಸೆಗಳಂತೆ ಅದಕ್ಕೂ ಅಪಾಯವಿದೆ. ಅಂದು ಕೆಲವು ದಿನ ಚರ್ಚೆ ನಡೆಯಿತು. ದಪ್ಪಗಿದ್ದೀಯ ಎಂದು ಕುಟುಕುವ ನಾಲಿಗೆಗಳ ಕುರಿತ ಚರ್ಚೆ ಮಾತ್ರ ಅಷ್ಟಾಗಿ ನಡೆಯಲಿಲ್ಲ.

ಮನೆಯವರು ಗಮನಿಸಬೇಕಾದುದು

ಊಟದ ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಗಿರುವುದು, ‘ಆಗಲೇ ತಿಂದೆ’ ಎಂಬ ಉತ್ತರ, ಎಲ್ಲರಿಗೂ ಮಾಡಿ ಬಡಿಸಿ ತಾನು ಮುಟ್ಟದಿರುವುದು, ಊಟವಾದ ತಕ್ಷಣ ಬಚ್ಚಲಿಗೆ ಹೋಗುವುದು, ಸಡಿಲ ಬಟ್ಟೆಯಲ್ಲಿ ಮೈ ಮರೆಸುವುದು, ಜ್ವರವಿದ್ದರೂ ವ್ಯಾಯಾಮ ಬಿಡದಿರುವುದು, ಮದುವೆ–ಮುಂಜಿಗಳಿಗೆ ಪಂಕ್ತಿಯ ಭಯದಿಂದ ಹೋಗದಿರುವುದು ಮೊದಲ ಸೂಚನೆಗಳು. ಮುಟ್ಟು ನಿಲ್ಲುವುದು, ಸದಾ ಚಳಿ, ತಲೆಸುತ್ತು, ಕೂದಲು ಉದುರುವುದು, ಹಲ್ಲಿನ ಹೊಳಪು ಸವೆಯುವುದು ದೇಹ ನೀಡುವ ಎಚ್ಚರಿಕೆಗಳು. ಪದೇ ಪದೇ ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಕುಸಿದರೆ ಹೃದಯದ ಲಯವೇ ತಪ್ಪಬಹುದು. ಮೂರ್ಛೆ ಹೋದರೆ ಅಥವಾ ಎದೆ ಡವಗುಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬೈಗುಳ, ಆಣೆ, ಬಲವಂತದ ತುತ್ತು ಪ್ರಯೋಜನಕ್ಕೆ ಬಾರವು. ಅನೇಕ ದಿನ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯೆ ಉಣಿಸುವುದಂತೂ ಅಪಾಯಕಾರಿ. ರಕ್ತದ ಫಾಸ್ಫೇಟ್ ದಿಢೀರನೆ ಕುಸಿದು ಪ್ರಾಣಕ್ಕೇ ಎರವಾಗಬಹುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡಿದ್ದಾರೆ. ಇಂಥವರಿಗೆ ವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಆಹಾರ ಹೆಚ್ಚಿಸಬೇಕು. ಮನೆಯಲ್ಲಿ ಆಗಬೇಕಾದ ಮೊದಲ ಕೆಲಸ ಸುಲಭದ್ದು: ತೂಕದ ಬಗ್ಗೆ ಟೀಕೆಯನ್ನೂ ಹೊಗಳಿಕೆಯನ್ನೂ ನಿಲ್ಲಿಸುವುದು. ‘ದಪ್ಪ ಆಗಿದೀಯ’ ಎಂಬಷ್ಟೇ ‘ಸಣ್ಣ ಆಗಿದೀಯ, ಚೆಂದ ಕಾಣ್ತೀಯ’ ಎಂಬ ಮಾತೂ ಗೀಳಿಗೆ ಗೊಬ್ಬರವಾಗಬಲ್ಲುದು. ‘ಚೆನ್ನಾಗಿದೀಯಾ? ನಿದ್ದೆ ಬರುತ್ತಾ?’ ಎಂದು ಕೇಳುವುದು ಮೇಲು.

ಮುಳ್ಳು ನಿಂತರೆ ಏನು ಮಾಡಬೇಕು?

ಮೊದಲನೆಯದಾಗಿ, ನಿಜಕ್ಕೂ ನಿಂತಿದೆಯೇ ಎಂದು ನೋಡಬೇಕು. ದಿನದ ಏರಿಳಿತ ಬಿಟ್ಟು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ, ನಾಲ್ಕಾರು ವಾರ ಕಾಯುವುದು ಉಚಿತ. ಯಂತ್ರದ ಸಂಖ್ಯೆಯೇ ಮನಸ್ಸನ್ನು ಕಾಡುವವರು ತೂಗದೇ ಇರುವುದೇ ಕ್ಷೇಮ. ಥೈರಾಯ್ಡ್ ಕೊರತೆ, ಪಿಸಿಒಎಸ್, ಸ್ಟಿರಾಯ್ಡ್ ಹಾಗೂ ಕೆಲವು ಮಾನಸಿಕ ಕಾಯಿಲೆಗಳ ಔಷಧಗಳಿಂದಲೂ ತೂಕ ಇಳಿಯದಿರಬಹುದು. ಇದನ್ನು ವೈದ್ಯರಿಂದ ತಿಳಿಯಬೇಕೇ ಹೊರತು, ಔಷಧವನ್ನು ತಾವಾಗಿ ನಿಲ್ಲಿಸಕೂಡದು. ಸ್ನಾಯು ಉಳಿಸಿಕೊಳ್ಳಲು ಬೇಳೆಕಾಳು, ಮೊಟ್ಟೆ, ಮೀನು, ಮಜ್ಜಿಗೆಯಂತಹ ಪ್ರೊಟೀನ್ ಹಾಗೂ ಭಾರ ಎತ್ತುವ ಬಗೆಯ ವ್ಯಾಯಾಮ ನೆರವಾಗುತ್ತವೆ.

ಎರಡನೆಯದು ಇನ್ನೂ ಮುಖ್ಯ: ತೂಕ ನಿಂತರೂ ಲಾಭ ನಿಂತಿರುವುದಿಲ್ಲ. ಮೊದಲಿದ್ದ ತೂಕದ ಶೇ. 5ರಿಂದ 10ರಷ್ಟು ಇಳಿಸಿದರೇ ರಕ್ತದೊತ್ತಡ, ಸಕ್ಕರೆಯಲ್ಲಿ ಸುಧಾರಣೆ ಕಾಣುತ್ತದೆ. 80 ಕಿಲೊ ಇದ್ದವರಿಗೆ ಅದು ನಾಲ್ಕರಿಂದ ಎಂಟು ಕಿಲೊ ಅಷ್ಟೆ. ಚೆನ್ನೈನ ಡಾ. ಎ. ರಾಮಚಂದ್ರನ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರು ಊಟ–ನಡಿಗೆಯ ಕ್ರಮ ಬದಲಿಸಿದಾಗ ಮಧುಮೇಹ ಬರುವ ಅಪಾಯ ಶೇ. 28.5ರಷ್ಟು ತಗ್ಗಿತು. ಅವರ ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂತಹ ಇಳಿಕೆ ಆಗಿರಲಿಲ್ಲ! ತಕ್ಕಡಿಗೆ ಕಾಣದ್ದು ರಕ್ತನಾಳಗಳಿಗೆ ತಿಳಿದಿತ್ತು.

2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೋವಿಯಂತಹ ಚುಚ್ಚುಮದ್ದುಗಳು ಹಸಿವನ್ನೇ ತಗ್ಗಿಸುತ್ತವೆ. ಬೊಜ್ಜಿನಿಂದ ಆರೋಗ್ಯ ಕೆಟ್ಟವರಿಗೆ ವೈದ್ಯರ ಸಲಹೆಯಂತೆ ಇವು ಉಪಯುಕ್ತ. ಆದರೆ ಇವುಗಳಲ್ಲೂ ತೂಕ ಒಂದು ಹಂತದಲ್ಲಿ ನಿಲ್ಲುತ್ತದೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ, ಇಳಿಸಿದ ತೂಕದ ಮೂರನೇ ಎರಡು ಭಾಗವನ್ನು ಮರಳಿ ಪಡೆದದ್ದು 2022ರ ಅಧ್ಯಯನದಲ್ಲಿ ದಾಖಲಾಗಿದೆ. ಊಟದ ಗೀಳು ಇರುವವರ ಕೈಗೆ, ಮದುವೆಗೆ ಮುನ್ನ ನಾಲ್ಕು ಕಿಲೊ ಇಳಿಸಬೇಕೆನ್ನುವವರ ಕೈಗೆ ಇವು ಸಿಗತಕ್ಕವಲ್ಲ.

ನೆರವು ಎಲ್ಲಿದೆ?

ಊಟದ ಗೀಳು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಆಪ್ತ ಸಮಾಲೋಚನೆ, ಪೌಷ್ಟಿಕ ಆಹಾರದ ಮಾರ್ಗದರ್ಶನ, ಹದಿಹರೆಯದವರಿಗೆ ಕುಟುಂಬವನ್ನೇ ಒಳಗೊಂಡ ಚಿಕಿತ್ಸೆ, ಅಗತ್ಯವಿದ್ದರೆ ಔಷಧ ಇವೆಲ್ಲ ಸೇರಿ ಫಲ ನೀಡುತ್ತವೆ. ಬೇಗ ಆರಂಭಿಸಿದಷ್ಟೂ ಗುಣಮುಖವಾಗುವ ಸಾಧ್ಯತೆ ಹೆಚ್ಚು. ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ನಿಸ್ಸಂಕೋಚವಾಗಿ ಮಾತನಾಡುವುದನ್ನು ಈ ಜಿಲ್ಲೆಗೆ ಕಲಿಸಿದವರು ಶಿವಮೊಗ್ಗದಲ್ಲಿ ಮಾನಸ ಆಸ್ಪತ್ರೆ ಕಟ್ಟಿದ, 2016ರಲ್ಲಿ ನಿಧನರಾದ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ. ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕಳುಹಿಸುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಜಿಲ್ಲಾ ಕೇಂದ್ರದಲ್ಲಿ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಹೊರಗೆ ಹೋಗಲು ಸಂಕೋಚಪಡುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಸೇತುವೆ ಇಲ್ಲದ ದಿನಗಳಲ್ಲಿ ಹೊಳೆಬಾಗಿಲಿಗೆ ಬಂದ ಬಸ್ಸು ಅಲ್ಲಿ ನಿಲ್ಲಲೇಬೇಕಿತ್ತು. ದಾರಿ ತಪ್ಪಿತೆಂದು ಯಾರೂ ಚಾಲಕನನ್ನು ಬಯ್ಯುತ್ತಿರಲಿಲ್ಲ, ಅವಸರಕ್ಕೆ ಬಸ್ಸನ್ನು ನೀರಿಗಿಳಿಸುತ್ತಲೂ ಇರಲಿಲ್ಲ. ಇಳಿದು, ಕೈಕಾಲು ಆಡಿಸಿ, ಚಹಾ ಕುಡಿದು ಲಾಂಚ್‌ಗೆ ಕಾಯುತ್ತಿದ್ದರು. ತೂಕದ ಮುಳ್ಳು ನಿಂತ ದಿನವೂ ಅಷ್ಟೇ ಸಮಾಧಾನ ಬೇಕು. ಆ ದಿನ ತಟ್ಟೆಯಿಂದ ಇನ್ನೊಂದು ತುತ್ತು ತೆಗೆದಿಡುವ ಮುನ್ನ ಒಬ್ಬ ವೈದ್ಯರನ್ನೋ, ಮನೆಯ ಒಬ್ಬರನ್ನೋ ಮಾತನಾಡಿಸುವುದು ಲೇಸು.